ಅತ್ತೆ ಆರಿಸಿದ ಕೀಬೋರ್ಡು

ಮಾವನ ಬಾಯಿ ಸುಮ್ಮನಿದ್ದದ್ದನ್ನು ಸೊಸೆ ಮದುವೆಯಾಗಿ ಬಂದ ಮೇಲೆ ಕಂಡೇ ಇರಲಿಲ್ಲ. ಮೂವತ್ತು ವರ್ಷ ಅಚ್ಚುಕೂಟದಲ್ಲಿ ಪ್ರೂಫ್ ತಿದ್ದಿದ ಮನುಷ್ಯ. ಆ ಕೆಲಸಕ್ಕೆ ಇಬ್ಬರು ಜೋಡಿಯಾಗಿ ಕೂರುತ್ತಾರೆ. ಒಬ್ಬ ಮೂಲಪ್ರತಿಯನ್ನು ಬಿಡಿಬಿಡಿಯಾಗಿ, ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಅಚ್ಚಾದ ಹಾಳೆಯಲ್ಲಿ ತಪ್ಪು ಹಿಡಿಯಬೇಕು. ಮಾವ ಓದುವವನಾಗಿದ್ದ. ನಿವೃತ್ತನಾದರೂ ಚಟ ಹೋಗಿರಲಿಲ್ಲ. ಪತ್ರಿಕೆಯ ತಲೆಬರಹದಿಂದ ಹಿಡಿದು ಔಷಧಿ ಬಾಟಲಿಯ ಚೀಟಿಯವರೆಗೆ ಎಲ್ಲವನ್ನೂ ಹೆಂಡತಿಯ ಮುಖದ ಮುಂದೆ ನಿಂತು ಓದುತ್ತಿದ್ದ. ಅಷ್ಟಕ್ಕೇ ಬಿಟ್ಟಿದ್ದರೆ ಸೊಸೆ ಸಹಿಸಿಕೊಳ್ಳುತ್ತಿದ್ದಳೋ ಏನೋ. ಅವಳು ಅತ್ತೆಯನ್ನು ಏನಾದರೂ ಕೇಳಿದರೆ ಉತ್ತರ ಮಾವನಿಂದ ಬರುತ್ತಿತ್ತು. "ಅವಳಿಗೆ ಟೀ ಬೇಡ." "ಅವಳಿಗೆ ನಿದ್ದೆ ಚೆನ್ನಾಗಿ ಬಂತಂತೆ." ಮಗು ಕುಂಯ್ ಅಂದರೆ ಸಾಕು, ತಾನು ಕುರ್ಚಿಯಲ್ಲಿ ಕೂತೇ ಹೆಂಡತಿಯ ಭುಜ ತಟ್ಟಿ "ಮಗು ಅಳ್ತಿದೆ, ಏಳು" ಅನ್ನುತ್ತಿದ್ದ. ಅತ್ತೆ ನಗುನಗುತ್ತ ಎದ್ದು ಹೋಗುತ್ತಿದ್ದಳು. ಸೊಸೆ ಅಡುಗೆಮನೆಯಲ್ಲಿ ಹಲ್ಲು ಕಡಿಯುತ್ತಿದ್ದಳು.

ಈ ಅತ್ತೆ ಸಾಮಾನ್ಯದವಳಲ್ಲ. ಶಾಲೆಯಲ್ಲಿ ಸಂಗೀತದ ಮೇಡಂ ಆಗಿದ್ದವಳು. ಅರವತ್ತು ಮಕ್ಕಳು ಒಟ್ಟಿಗೆ ಹಾಡುವಾಗ ಹಿಂದಿನ ಸಾಲಿನ ಒಂದು ಮಗು ಕೂದಲೆಳೆಯಷ್ಟು ಸ್ವರ ತಪ್ಪಿದರೂ ಪಿಯಾನೊ ನುಡಿಸುತ್ತಲೇ ಆ ಮಗುವಿನ ಕಡೆ ಹುಬ್ಬು ಎತ್ತುತ್ತಿದ್ದಳಂತೆ. ಎರಡು ವರ್ಷದ ಹಿಂದೆ, ಇನ್ನೂ ಸೇವೆ ಉಳಿದಿರುವಾಗಲೇ, ಬೆರಳು ಬಿಗಿಯುತ್ತೆ ಅಂತ ಕೆಲಸ ಬಿಟ್ಟಳು. ಆಮೇಲೆ ಆ ಮನೆಯಲ್ಲಿ ಒಂದು ಸ್ವರ ಹುಟ್ಟಿರಲಿಲ್ಲ. ಒಂದು ಕೀಬೋರ್ಡ್ ತರೋಣ, ನನಗೂ ಕಲಿಸಿ ಅಂತ ಸೊಸೆ ಮೂರು ಸಲ ಕೇಳಿದ್ದಳು. ಮೂರು ಸಲವೂ ಮಾವನೇ "ಅವಳಿಗೆ ಬೇಡ" ಅಂದಿದ್ದ.

ಸೊಸೆ ಹಟ ಹಿಡಿದರೆ ಬಿಡುವವಳಲ್ಲ. ಕನ್ನಡಕದ ಅಂಗಡಿಯಲ್ಲಿ ಗಾಜು ಸಾಣೆ ಹಿಡಿಯುವುದು, ಕಣ್ಣು ಪರೀಕ್ಷೆ ಮಾಡುವುದು ಅವಳ ಕೆಲಸ. ಹೆರಿಗೆ ರಜೆ ಮುಗಿದು ಸೋಮವಾರದಿಂದ ಮತ್ತೆ ಹೋಗಬೇಕಿತ್ತು. ಹೋಗುವ ಮೊದಲು ಅತ್ತೆಗೆ ಬಿಡುಗಡೆ ಕೊಡಿಸಿಯೇ ಹೋಗುತ್ತೇನೆ ಅಂತ ಪಣ ತೊಟ್ಟಳು. ಕನ್ನಡಕಕ್ಕೆ ಬರುತ್ತಿದ್ದ ಒಬ್ಬ ಅಚ್ಚುಕೂಟದ ಯಜಮಾನನನ್ನು ಹಿಡಿದು ಮಾವನಿಗೆ ಹಗಲು ಹೊತ್ತು ಪ್ರೂಫ್ ನೋಡುವ ಕೆಲಸ ಗೊತ್ತುಮಾಡಿದಳು. ಮಾವ ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು ಅನ್ನುವ ಹಾಗೆ ನೆಪ ಹುಡುಕಿದ. ದೂರ ಅಂದ, ಬಸ್ಸು ಮನೆಯ ಮುಂದಿನಿಂದಲೇ ಹೋಗುತ್ತೆ ಅಂದಳು. ಕಣ್ಣು ಮಂಜು ಅಂದ. ತಾನೇ ಕೂತು ಗಾಜು ತಿಕ್ಕಿ ಹೊಸ ಕನ್ನಡಕ ಮಾಡಿ ಮೂಗಿಗೇರಿಸಿದಳು. ಕೊನೆಗೆ ನೆಪಗಳು ಖಾಲಿಯಾಗಿ ಮಾವ ಕೆಲಸಕ್ಕೂ ಹೂಂ ಅಂದ, ಕೀಬೋರ್ಡಿಗೂ ಹೂಂ ಅಂದ. ಇನ್ನು ಸೋಮವಾರದಿಂದ ಮನೆಯಲ್ಲಿ ಅತ್ತೆ, ಎಂಟು ತಿಂಗಳ ಮಗು, ಒಂದು ಕೀಬೋರ್ಡು. ಮೂರೂ ಸುಖವಾಗಿರಲಿ ಅಂತ ಸೊಸೆ ಹಾಲು ಕುಡಿದಷ್ಟು ಸಂತೋಷಪಟ್ಟಳು.

ಶನಿವಾರ ಗಂಡ ಕೆಲಸಕ್ಕೆ ಹೋದ ಮೇಲೆ ಮೂವರೂ ಮಗುವನ್ನು ಕರೆದುಕೊಂಡು ವಾದ್ಯದ ಅಂಗಡಿಗೆ ಹೊರಟರು. ಅಂಗಡಿಯ ಮುಂದೆ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಮಾವ ಇವರನ್ನು ಇಳಿಸುತ್ತ, "ನಾನು ಬರೋವರೆಗೂ ಏನೂ ಆರಿಸಬೇಡಿ, ಬಾಗಿಲಲ್ಲೇ ನಿಂತಿರಿ" ಅಂತ ಎರಡು ಸಲ ಹೇಳಿದ. "ಆಯ್ತು ಮಾವ" ಅಂದ ಸೊಸೆ, ಕಾರು ತಿರುಗುವುದನ್ನೇ ಕಾದು, ಒಂದು ಕೈಯಲ್ಲಿ ಮಗುವಿನ ತಳ್ಳುಗಾಡಿ, ಇನ್ನೊಂದು ಕೈಯಲ್ಲಿ ಅತ್ತೆಯ ಮೊಣಕೈ ಹಿಡಿದು ಒಳಗೆ ನುಗ್ಗಿದಳು. ಅತ್ತೆ ಒಮ್ಮೆ ಹಿಂದೆ ತಿರುಗಿ ರಸ್ತೆಯ ಕಡೆ ನೋಡಿದಳು.

ಒಳಗೆ ಯಾರೋ ಹುಡುಗಿ ಡ್ರಮ್ ಬಡಿದು ನೋಡುತ್ತಿದ್ದಳು. ಗೋಡೆಗಳೇ ಅದುರುತ್ತಿದ್ದವು. ಮಗು ಅದು ಹೇಗೋ ಆ ಗದ್ದಲದಲ್ಲೂ ನಿದ್ದೆ ಮಾಡುತ್ತಿತ್ತು. ಅಂಗಡಿಯವನು ಸಣಕಲ ಆಸಾಮಿ, ಬಾಯಿಪಾಠದವನು. ಕೀಬೋರ್ಡುಗಳ ಕಡೆ ಮುಖ ಮಾಡಿಕೊಂಡೇ ಶುರು ಹಚ್ಚಿದ. "ಅರವತ್ತೊಂದು ಕೀ ಇದೆ, ಎಪ್ಪತ್ತಾರು ಇದೆ, ಎಂಬತ್ತೆಂಟು ಇದೆ. ಸುಮ್ನೆ ಮನೇಲಿ ಕಲಿಯೋಕಾದ್ರೆ ಅರವತ್ತೊಂದು ಸಾಕು. ಇದರಲ್ಲಿ ಇನ್ನೂರು ಥರ ಸೌಂಡು, ಬ್ಯಾಟರಿ ಹಾಕ್ಬಹುದು, ಎತ್ತಿದ್ರೆ ಹೂವು."

"ಬೀರು ಮೇಲೆ ಎತ್ತಿಡೋ ಹಾಗಿರಬೇಕು, ಆದ್ರೆ ಆಟದ ಸಾಮಾನಿನ ಥರ ಇರಬಾರದು" ಅಂದಳು ಸೊಸೆ. "ಇವರು ಸಂಗೀತದ ಮೇಡಂ. ಇವರೇ ಆರಿಸ್ಲಿ."

ಅತ್ತೆ ಆಗಲೇ ಆರಿಸಲು ತೊಡಗಿದ್ದಳು. ಮೊದಲನೆಯದರ ಮುಂದೆ ನಿಂತು ಒಂದು ಕೀಯನ್ನು ಬಹಳ ನಿಧಾನವಾಗಿ ತಳದವರೆಗೆ ಒತ್ತಿ, ಬಿಟ್ಟು, ಮತ್ತೆ ಒತ್ತಿದಳು. ಕಪ್ಪು ಕೀಗಳ ಹಿಂಬದಿಗೆ ಬೆರಳು ತೂರಿಸಿ ನೋಡಿದಳು. "ಇದು ಬೇಡ" ಅಂದಳು. "ಒಳಗೆ ಬರೀ ಸ್ಪ್ರಿಂಗ್. ಮುಟ್ಟಿದ್ರೆ ಬಿದ್ದುಬಿಡುತ್ತೆ. ಇದರಲ್ಲಿ ಕಲಿತ ಬೆರಳು ನಾಳೆ ನಿಜವಾದ ಪಿಯಾನೊ ಮುಂದೆ ಕೂತ್ರೆ ಸೋತುಹೋಗುತ್ತೆ." ಎರಡನೆಯದರ ಮೇಲೆ ಅಂಗೈ ಹರಡಿ, ಹೆಬ್ಬೆರಳಿನಿಂದ ಕಿರುಬೆರಳಿಗೆ ಅಳೆದು, "ಕೀ ಸಣ್ಣದು, ಮಕ್ಕಳ ಕೈಗೆ ಸರಿ" ಅಂದಳು. ಅಂಗಡಿಯವನು ಬೆರಗಾಗಿ ಸೊಸೆಯ ಮುಖ ನೋಡಿದ. ಸೊಸೆಗೆ ಹೆಮ್ಮೆ ಉಕ್ಕಿತು. ಮಾವ ಇಲ್ಲದಿದ್ದರೆ ಅತ್ತೆ ಎಷ್ಟು ಮಾತಾಡುತ್ತಾಳೆ ನೋಡು ಅಂದುಕೊಂಡಳು.

ಮೂರನೆಯದು ಗೋಡೆಯ ಪಕ್ಕದಲ್ಲಿತ್ತು. ಎಂಬತ್ತೆಂಟು ಕೀ, ಒಳಗೆ ತೂಕ ಕೂರಿಸಿದ್ದು, ಆದರೂ ತೆಳ್ಳಗಿತ್ತು, ಒಬ್ಬರೇ ಎತ್ತಬಹುದು. ಅತ್ತೆ ಅದರ ಒಂದು ಕೀ ಒತ್ತಿದವಳೇ "ಹ್ಞಾಂ" ಅಂದು ಸ್ಟೂಲ್ ಎಳೆದು ಕೂತಳು. ಅಂಗಡಿಯವನು ಬೇರೆ ಗಿರಾಕಿಯ ಕರೆಗೆ ಓಗೊಟ್ಟು ಆಚೆ ಹೋದ. ಅತ್ತೆ ಎರಡೂ ಕೈ ಇಟ್ಟು ನುಡಿಸತೊಡಗಿದಳು. ಬಿಗಿದ ಬೆರಳು ಅನ್ನುವುದು ಎಲ್ಲಿಯ ಮಾತು! ಎಡಗೈ ನಡೆಯುತ್ತಿತ್ತು, ಬಲಗೈ ಓಡುತ್ತಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಆ ಮುಖದಲ್ಲಿ ಅಷ್ಟು ಬೆಳಕನ್ನು ಸೊಸೆ ಎಂದೂ ಕಂಡಿರಲಿಲ್ಲ. ಡ್ರಮ್ಮಿನ ಅಬ್ಬರದಲ್ಲಿ ಏನೂ ಕೇಳಿಸುತ್ತಿಲ್ಲವಲ್ಲ ಅಂತ ಅವಳು ಆ ಹುಡುಗಿಯನ್ನು ಮನಸ್ಸಿನಲ್ಲೇ ಬೈದುಕೊಂಡಳು.

ಅಷ್ಟರಲ್ಲಿ ಡ್ರಮ್ ನಿಂತಿತು.

ಆಗಲೂ ಏನೂ ಕೇಳಿಸಲಿಲ್ಲ. ಟಕಟಕ ಅಂತ ಕೀಗಳು ತಳಕ್ಕೆ ತಾಗುವ ಸದ್ದು ಬಿಟ್ಟರೆ ಆ ಕೀಬೋರ್ಡಿನಿಂದ ಒಂದೇ ಒಂದು ಸ್ವರ ಬರುತ್ತಿರಲಿಲ್ಲ. ಅತ್ತೆಯ ಕೈಗಳು ಮಾತ್ರ ಎತ್ತರಕ್ಕೆ ಏರಿ, ಒಂದು ಕ್ಷಣ ತಡೆದು, ಕೆಳಗಿಳಿದವು. ಅವಳ ತಲೆ ಆ ಇಳಿತಕ್ಕೆ ಸರಿಯಾಗಿ ತೂಗಿತು.

ಸೊಸೆ ಬೆಪ್ಪಾಗಿ ನಿಂತಳು. ಆಮೇಲೆ ಅತ್ತೆಯ ಮುಂದೆ ಬಗ್ಗಿ ಕೇಳಿದಳು: "ಹೇಗಿದೆ ಅತ್ತೆ, ಸೌಂಡು?"

"ಆಹಾ" ಅಂದಳು ಅತ್ತೆ, ಅವಳ ಮುಖ ನೋಡುತ್ತ. "ಕೆಳಗಿನ ಸ್ವರ ಎಷ್ಟು ತುಂಬಿಕೊಂಡಿದೆ ನೋಡು. ಮೇಲಿನದು ಕಿವಿಗೆ ಚುಚ್ಚಲ್ಲ. ಇದೇ ಇರ್ಲಿ."

ತಮಾಷೆ ಮಾಡುತ್ತಿದ್ದಾಳೆ ಅಂತ ಸೊಸೆ ಮೊದಲು ನಗಲು ಹೋದಳು. ಆದರೆ ಅತ್ತೆ ತಮಾಷೆ ಮಾಡುತ್ತಿರಲಿಲ್ಲ. ಕೀಬೋರ್ಡಿನ ಹಿಂದೆ ಬಗ್ಗಿ ನೋಡಿದರೆ ಒಂದು ಕಪ್ಪು ತಂತಿ ಸಿಕ್ಕಿಸಿತ್ತು. ಅದರ ತುದಿಯ ಹೆಡ್‌ಫೋನು ಸ್ಟ್ಯಾಂಡಿಗೆ ಜೋತುಬಿದ್ದಿತ್ತು. ಹಿಂದಿನ ಗಿರಾಕಿ ಹಾಕಿಕೊಂಡು ಕೇಳಿ ಹಾಗೇ ಬಿಟ್ಟುಹೋಗಿದ್ದ. ಸದ್ದೆಲ್ಲ ಆ ತಂತಿಯೊಳಗೆ ಹೋಗುತ್ತಿತ್ತು. ಅದನ್ನು ದೂರದಿಂದ ಕಂಡ ಅಂಗಡಿಯವನು "ಅಯ್ಯೋ ಸಾರಿ ಸಾರಿ" ಅಂತ ಓಡಿಬಂದು ತಂತಿಗೆ ಕೈ ಹಾಕಿದ. ಸೊಸೆ ಅವನ ಮಣಿಕಟ್ಟು ಹಿಡಿದು ತಡೆದಳು.

ಕನ್ನಡಕದ ಅಂಗಡಿಗೆ ಇಂಥವರು ವಾರಕ್ಕೊಬ್ಬರು ಬರುತ್ತಾರೆ. ಕಣ್ಣು ಕಾಣದಿದ್ದರೂ ಕಾಣುತ್ತೆ ಅಂತ ತೋರಿಸಬೇಕಾದವರು, ಡ್ರೈವರುಗಳು, ಕಾವಲಿನವರು. ಗೋಡೆಯ ಮೇಲಿನ ಅಕ್ಷರದ ಪಟ್ಟಿಯನ್ನು ಮೊದಲೇ ಉರು ಹೊಡೆದು ಬಂದು ಪಟಪಟ ಒಪ್ಪಿಸುತ್ತಾರೆ. ಅವಳು ಅವರಿಗೆ ಗೊತ್ತಾಗದ ಹಾಗೆ ಪಟ್ಟಿ ಬದಲಿಸುತ್ತಾಳೆ. ಅವರು ಹಳೆಯ ಅಕ್ಷರಗಳನ್ನೇ ಹೇಳುತ್ತಾರೆ. ಊರವರ ಕಳ್ಳಾಟವನ್ನೆಲ್ಲ ಹಿಡಿಯುವ ತನ್ನ ಕಣ್ಣಿಗೆ ಮನೆಯದು ಕಾಣಲಿಲ್ಲವೇ? ದೀಪದ ಬುಡದಲ್ಲೇ ಕತ್ತಲೆ. ಇಲ್ಲ, ಹಾಗಿರಲಾರದು, ಇರಲೇಬಾರದು ಅಂತ ಅವಳು ಅತ್ತೆಯ ಬೆನ್ನ ಹಿಂದೆ ಬಂದು ನಿಂತಳು. ಪಟ್ಟಿ ಬದಲಿಸಿದಳು.

"ಅತ್ತೆ."

ಅತ್ತೆಯ ಬೆರಳು ಓಡುತ್ತಲೇ ಇತ್ತು.

"ಅತ್ತೆ, ಇಲ್ಲಿ ನೋಡಿ."

ಏನೂ ಇಲ್ಲ. ಸೊಸೆ ಹೇಳಬಾರದ ಮಾತು ಅಂತ ಗೊತ್ತಿದ್ದೂ ಗಂಟಲು ಹರಿಯುವ ಹಾಗೆ ಕೂಗಿದಳು: "ಅತ್ತೆ, ಮಗು ಬಿತ್ತು!"

ಅಂಗಡಿಯವನು ಹೌಹಾರಿ ತಳ್ಳುಗಾಡಿಯ ಕಡೆ ನೆಗೆದ. ಡ್ರಮ್ಮಿನ ಹುಡುಗಿ ಎದ್ದು ನಿಂತಳು. ಆಚೆ ಗಿಟಾರ್ ನೋಡುತ್ತಿದ್ದ ಇಬ್ಬರು ತಿರುಗಿದರು. ಬೆಚ್ಚಿಬಿದ್ದ ಮಗು ಎದ್ದು ಕಿಟಾರನೆ ಅಳತೊಡಗಿತು. ಗಾಡಿ ಅತ್ತೆಯ ಬೆನ್ನಿನಿಂದ ಒಂದು ಮೊಳ ದೂರದಲ್ಲಿತ್ತು. ಮಗು ಕೈಕಾಲು ಬಡಿದು, ಮುಖ ಕೆಂಪಗೆ ಮಾಡಿಕೊಂಡು, ಉಸಿರು ಕಟ್ಟಿ ಕಟ್ಟಿ ಅಳುತ್ತಿತ್ತು. ಅತ್ತೆ ನಗುಮುಖದಿಂದ ನುಡಿಸುತ್ತಿದ್ದಳು.

ಸೊಸೆಗೆ ಮಗುವನ್ನು ಎತ್ತಿಕೊಳ್ಳಬೇಕು ಅನ್ನುವುದು ಕೂಡ ತೋಚಲಿಲ್ಲ. ಕಣ್ಣ ಮುಂದೆ ಬಂದದ್ದು ಸೋಮವಾರ: ತಾನು ಬಾಗಿಲೆಳೆದುಕೊಂಡು ಹೋಗಿದ್ದೇನೆ, ಮಗು ಒಳಕೋಣೆಯಲ್ಲಿ ಹೀಗೇ ಅಳುತ್ತಿದೆ, ಹೊರಕೋಣೆಯಲ್ಲಿ ಇವಳು ಹೀಗೇ ನಗುತ್ತ ಕೂತಿದ್ದಾಳೆ. ಮಾವನನ್ನು ಆ ಮನೆಯಿಂದ ಸಾಗಹಾಕಿದವಳು ತಾನೇ. ಇನ್ನು ಎರಡೇ ದಿನವಿತ್ತು.

ಅಷ್ಟು ಹೊತ್ತಿಗೆ ಮಾವ ಏದುಸಿರು ಬಿಡುತ್ತ ಬಾಗಿಲು ನೂಕಿಕೊಂಡು ಬಂದ. ಅಳು ಅವನಿಗೆ ರಸ್ತೆಯಲ್ಲೇ ಕೇಳಿಸಿರಬೇಕು. ಸೊಸೆಯನ್ನು ನೋಡಲಿಲ್ಲ, ಮಗುವನ್ನೂ ನೋಡಲಿಲ್ಲ, ನೇರ ಹೋಗಿ ಹೆಂಡತಿಯ ಭುಜ ತಟ್ಟಿ, ಮುಖದ ಎದುರು ಬಂದು ಬಿಡಿಬಿಡಿಯಾಗಿ ಹೇಳಿದ: "ಮಗು ಅಳ್ತಿದೆ, ಏಳು."

ಅತ್ತೆ ಥಟ್ಟನೆ ತಿರುಗಿದಳು. ಮಗುವನ್ನು ಎತ್ತಿ ಎದೆಗೊತ್ತಿ, ಬೆನ್ನು ಸವರಿದಳು. ದಿನಕ್ಕೆ ಹತ್ತು ಸಲ ಮನೆಯಲ್ಲಿ ನಡೆಯುತ್ತಿದ್ದದ್ದು ಇದೇ. ಎಂಟು ತಿಂಗಳಿಂದ ಇದನ್ನೇ ನೋಡಿ ಸೊಸೆ ಅಡುಗೆಮನೆಯಲ್ಲಿ ಹಲ್ಲು ಕಡಿದಿದ್ದಳು.

"ಇದು ಆರಿಸಿದೆ" ಅಂದಳು ಅತ್ತೆ ಗಂಡನಿಗೆ. "ಕೇಳಿ ಒಂದ್ಸಲ." ಮಗುವನ್ನು ಎಡಗೈಗೆ ತೆಗೆದುಕೊಂಡು ಬಲಗೈಯಲ್ಲಿ ಒಂದು ಸಾಲು ನುಡಿಸಿದಳು. ಟಕಟಕ ಅಂತ ಕೀಗಳು ಏರಿದವು, ಇಳಿದವು. ಮಾವ ಕತ್ತು ಓರೆ ಮಾಡಿ ಕೇಳಿದ. ಅವನ ಕಣ್ಣು ಕೀಬೋರ್ಡಿನ ಹಿಂದಿನ ತಂತಿಗೆ ಹೋಯಿತು, ಅಲ್ಲಿಂದ ಜೋತುಬಿದ್ದ ಹೆಡ್‌ಫೋನಿಗೆ, ಅಲ್ಲಿಂದ ಸೊಸೆಯ ಮುಖಕ್ಕೆ. ಸೊಸೆ ಸಾಣೆ ಹಿಡಿದುಕೊಟ್ಟ ಹೊಸ ಕನ್ನಡಕದ ಹಿಂದೆ ಆ ಕಣ್ಣುಗಳು ಅಂಗಲಾಚುತ್ತಿದ್ದವು.

"ಚೆನ್ನಾಗಿದೆ" ಅಂದ ಮಾವ ಹೆಂಡತಿಗೆ. "ಬಹಳ ಚೆನ್ನಾಗಿದೆ. ಇದೇ ತಗೊಳ್ಳೋಣ."

ಅಂಗಡಿಯವನು ಇಬ್ಬರನ್ನೂ ಮಿಕಿಮಿಕಿ ನೋಡಿದ.

"ಏನು ಕೇಳಿಸ್ತು ಮಾವ ನಿಮಗೆ?" ಸೊಸೆ ಕೇಳಿದಳು. "ಹೇಳಿ, ಏನು ಕೇಳಿಸ್ತು? ಎಷ್ಟು ದಿನದಿಂದ ನಡೀತಿದೆ ಇದು?"

ಮಾವ ತಲೆ ತಗ್ಗಿಸಿದ. ಜೀವಮಾನದಲ್ಲಿ ಮೊದಲ ಸಲ ಅವನ ಬಾಯಿಂದ ಮಾತು ಹೊರಡಲಿಲ್ಲ. ಅತ್ತೆ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು. ಆಮೇಲೆ ಕೀಬೋರ್ಡಿನ ಹಿಂದೆ ಇಣುಕಿದಳು. ತಂತಿಯನ್ನು ಕಂಡಳು. ಅವಳ ಮುಖದಲ್ಲಿದ್ದ ಬೆಳಕು ಆರಿಹೋಯಿತು.

"ಎರಡು ವರ್ಷ" ಅಂದಳು ಅವಳೇ. "ಶಾಲೇಲಿ ಪ್ರಾರ್ಥನೆ ಹೊತ್ತಲ್ಲಿ ಒಂದಿನ ಮಕ್ಕಳು ಹಾಡೋದು ನಿಲ್ಲಿಸಿಬಿಟ್ಟಿದ್ರು, ನನಗೆ ಗೊತ್ತಾಗ್ಲೇ ಇಲ್ಲ, ನುಡಿಸ್ತಾನೇ ಇದ್ದೆ. ಅವತ್ತೇ ಬಿಟ್ಟೆ. ಡಾಕ್ಟರ ಹತ್ರ ಹೋದ್ವಿ. ಕಿವಿಗೆ ಯಂತ್ರ ಹಾಕಿ ನೋಡಿದ್ರು. ಗರಗರ ಅನ್ನುತ್ತೆ ಅಷ್ಟೇ."

"ನಿಮ್ಮ ಮಗನಿಗೆ?"

"ಗೊತ್ತಿಲ್ಲ."

"ಸೋಮವಾರ ನನ್ನ ಮಗೂನ ನಿಮ್ಮೊಬ್ಬರ ಕೈಲಿ ಬಿಟ್ಟು ಹೋಗ್ತಿದ್ದೆನಲ್ಲ ಅತ್ತೆ!" ಸೊಸೆ ಕೂಗಿಯೇಬಿಟ್ಟಳು. ಅಂಗಡಿ, ಗಿರಾಕಿಗಳು ಯಾವುದೂ ಅವಳ ಲೆಕ್ಕಕ್ಕಿರಲಿಲ್ಲ. "ಏನಾದ್ರೂ ಆಗಿದ್ರೆ? ಇವನು ಉಸಿರು ಕಟ್ಟಿ ಸತ್ತಿದ್ರೂ ನಿಮಗೆ ಗೊತ್ತಾಗ್ತಿರಲಿಲ್ಲ! ಇಬ್ಬರೂ ಸೇರಿ ನನ್ನ ಬಾಯಿಗೆ ಮಣ್ಣು ಹಾಕೋಕೆ ಹೊರಟಿದ್ರಾ?"

"ಇಲ್ಲಮ್ಮ" ಅಂದ ಮಾವ. "ನಾನು ಆ ಕೆಲಸಕ್ಕೆ ಹೋಗ್ತಿರಲಿಲ್ಲ. ಬ್ಯಾಗ್ ಹಿಡ್ಕೊಂಡು ನಿನ್ನ ಜೊತೇಲೇ ಹೊರಟು, ನೀನು ಬಸ್ಸು ಹತ್ತಿದ ಮೇಲೆ ಹಿಂದಿನ ರಸ್ತೆಯಿಂದ ವಾಪಸ್ ಬರೋದು ಅಂತ ಮಾತಾಡ್ಕೊಂಡಿದ್ವಿ. ನೀನು ಬರೋ ಹೊತ್ತಿಗೆ ಮತ್ತೆ ಆಚೆ ಹೋಗಿ ಬರೋದು."

"ದಿನಾ?"

"ದಿನಾ."

"ಎಲ್ಲಿವರೆಗೆ?"

"ಅದು ಯೋಚಿಸಿರಲಿಲ್ಲ."

ಅರವತ್ತೈದು ದಾಟಿದ ಮನುಷ್ಯ ಸ್ವಂತ ಮನೆಗೆ ಕಳ್ಳನ ಹಾಗೆ ಹಿಂದಿನ ರಸ್ತೆಯಿಂದ ಬರಲು ತಯಾರಾಗಿದ್ದ. ಸೊಸೆಗೆ ಸಿಟ್ಟು ಎಲ್ಲಿ ಮುಗಿದು ನಾಚಿಕೆ ಎಲ್ಲಿ ಶುರುವಾಯಿತೋ ತಿಳಿಯಲಿಲ್ಲ.

"ಅವರನ್ನ ಬೈಬೇಡ" ಅಂದಳು ಅತ್ತೆ. "ಹೇಳಬೇಡಿ ಅಂತ ಆಣೆ ಹಾಕಿಸಿದೋಳು ನಾನು."

ಸೊಸೆ ಅವಳ ಎದುರು ಬಂದು ನಿಂತಳು. "ಯಾಕೆ ಅತ್ತೆ? ನಾನು ಅಷ್ಟು ಕೆಟ್ಟವಳಾ?"

"ಹೇಳಿದ್ರೆ ಮಗೂನ ನನ್ನ ಕೈಗೆ ಕೊಡ್ತಿದ್ಯಾ?"

ಸುಳ್ಳು ಹೇಳಬಹುದಿತ್ತು. ಸೊಸೆ "ಇಲ್ಲ" ಅಂದಳು.

ಅತ್ತೆ ತಲೆಯಾಡಿಸಿದಳು. ಕೋಪ ಮಾಡಿಕೊಳ್ಳಲಿಲ್ಲ. ಇನ್ನೂ ಬಿಕ್ಕುತ್ತಿದ್ದ ಮಗುವನ್ನು ಎತ್ತಿ ಸೊಸೆಯ ಕಡೆ ಚಾಚಿದಳು. ಆ ಕೈಗಳು ಮಗುವನ್ನು ಕೊಡುವುದಕ್ಕೆ ಚಾಚಿದ್ದವೋ, ಇನ್ನು ಮುಂದೆ ಎತ್ತಿಕೊಳ್ಳುವುದಿಲ್ಲ ಅನ್ನುವುದಕ್ಕೆ ಚಾಚಿದ್ದವೋ, ಸೊಸೆಗೆ ಗೊತ್ತಾಗಲಿಲ್ಲ.

"ನಿಮ್ಮ ಹತ್ರಾನೇ ಇರ್ಲಿ" ಅಂದಳು. ಮಾವನ ಕಡೆ ತಿರುಗಿದಳು. "ಅಚ್ಚುಕೂಟದೋರಿಗೆ ಬರಲ್ಲ ಅಂತ ನಾನೇ ಹೇಳ್ತೀನಿ. ನೀವು ಮನೇಲಿರಿ. ಮುಂದಿನ ಬಾಗಿಲಿಂದಾನೇ ಓಡಾಡಿ. ಸಂಜೆ ನಿಮ್ಮ ಮಗನಿಗೂ ಹೇಳೋಣ." ಹೇಳಿದ ಮೇಲೆ, ಇದು ಅತ್ತೆಗೆ ಮುಟ್ಟಿಲ್ಲ ಅಂತ ಹೊಳೆದು ಅವಳ ಕಡೆ ತಿರುಗಿ ಬಾಯಿ ತೆರೆದಳು. ಅಷ್ಟರಲ್ಲಿ ಮಾವ ಅಭ್ಯಾಸಬಲದಿಂದ ಹೆಂಡತಿಯ ಮುಂದೆ ಬಗ್ಗಿದ್ದ. "ನಾನು ಮನೇಲಿರಬೇಕಂತೆ. ಮಗು ನಿನ್ನ ಹತ್ರಾನೇ ಇರುತ್ತಂತೆ." ಅತ್ತೆ ಅವನ ತುಟಿಗಳನ್ನೇ ನೋಡುತ್ತಿದ್ದಳು. ಎರಡನೇ ಸಲ ಹೇಳಿ ಅಂತ ಸನ್ನೆ ಮಾಡಿದಳು. ಅವನು ಮತ್ತೆ ಹೇಳಿದ.

ಅತ್ತೆ ಸ್ಟೂಲಿನ ಮೇಲೆ ಕುಸಿದು ಕೂತಳು. ಮಗುವಿಗೆ ಹಸಿವಾಗಿತ್ತೋ ಏನೋ, ಮತ್ತೆ ಅಳು ಏರಿಸಿತು. ಅವಳ ಅಂಗೈ ಅದರ ಬೆನ್ನ ಮೇಲೆ ಒತ್ತಿಕೊಂಡಿತ್ತು.

"ಅಳ್ತಿದಾನೆ ಅಲ್ವಾ? ಬೆನ್ನು ಅದುರುತ್ತೆ, ಅದರಿಂದ ಗೊತ್ತಾಗುತ್ತೆ" ಅಂದಳು. ಸ್ವಲ್ಪ ತಡೆದು, ಸೊಸೆಯ ಮುಖ ನೋಡಿದಳು. "ಒಂದು ಕೇಳ್ಲಾ? ಇವನು ಹುಟ್ಟೋ ಹೊತ್ತಿಗೆ ನನಗೆ ಏನೂ ಉಳಿದಿರಲಿಲ್ಲ. ಇವನ ದನಿ ನಾನು ಕೇಳೇ ಇಲ್ಲ. ಯಾವ ಸ್ವರದಲ್ಲಿ ಅಳ್ತಾನೆ ಅಂತ ಇವರನ್ನ ಕೇಳ್ದೆ. ಇವರಿಗೆ ಅಕ್ಷರ ಗೊತ್ತು, ಸ್ವರ ಗೊತ್ತಿಲ್ಲ. ಯಾವ ಕೀ ಅಂತ ತೋರಿಸಿದ್ರೆ ಸಾಕು, ನನಗೆ ಒಳಗೆ ಕೇಳಿಸುತ್ತೆ. ಹುಡುಕಿ ತೋರಿಸ್ತೀಯಾ?"

ಸೊಸೆ ಕೀಬೋರ್ಡನ್ನು ಜನ್ಮದಲ್ಲಿ ಮುಟ್ಟಿದವಳಲ್ಲ. ಅಂಗಡಿಯವನು ಬಗ್ಗಿ ತಂತಿ ಕಿತ್ತ. ಅವಳು ತೋರುಬೆರಳಿನಿಂದ ಎಡಗಡೆ ಒಂದು ಕೀ ಒತ್ತಿದಳು. ಗುಂಯ್ ಅಂತ ಬಂತು, ಅದಲ್ಲ. ಬಲಗಡೆ ತುದಿಯಲ್ಲಿ ಒತ್ತಿದಳು. ಸೂಜಿಯಂತೆ ಬಂತು, ಅದೂ ಅಲ್ಲ. ಮಗು ಅಳುತ್ತಿತ್ತು. ಅವಳು ಕಿವಿಗೊಟ್ಟು, ಒಂದೊಂದೇ ಕೀ ಒತ್ತುತ್ತ, ಬಲದಿಂದ ಎಡಕ್ಕೆ ಸರಿದಳು. ಮಗನ ಅಳುವನ್ನು ಅವಳು ಇಷ್ಟು ಗಮನವಿಟ್ಟು ಎಂದೂ ಕೇಳಿರಲಿಲ್ಲ. ಹೆಚ್ಚುಕಡಿಮೆ ನಡುವಿಗೇ ಬಂದಾಗ ಒಂದು ಬಿಳಿ ಕೀಯೂ ಮಗುವಿನ ದನಿಯೂ ಒಂದರೊಳಗೊಂದು ಕೂತವು. ಮತ್ತೆ ಒತ್ತಿ ನೋಡಿದಳು. ಅದೇ.

"ಇದು, ಅತ್ತೆ."

ಅತ್ತೆ ಆ ಕೀಯನ್ನೇ ದಿಟ್ಟಿಸಿದಳು. "ಇದಾ? ಇಷ್ಟು ಕೆಳಗಾ?" ಅಂದಳು. ಸೊಸೆಯ ಬೆರಳನ್ನು ಸರಿಸಿ ತಾನೇ ಒತ್ತಿ, ತಳದಲ್ಲಿ ಹಿಡಿದುಕೊಂಡಳು. ಆಮೇಲೆ ಬಲಗೈಯನ್ನು ಕೀಬೋರ್ಡಿನ ಬಲತುದಿಯ ಹತ್ತಿರ, ಬಹಳ ಮೇಲಿನ ಒಂದು ಕೀಗೆ ಒಯ್ದು ತೋರಿಸಿದಳು. "ನಾನು ಇಲ್ಲಿ ಅಂದ್ಕೊಂಡಿದ್ದೆ." ಅವಳು ಆ ಕೈಯನ್ನು ಹಿಂದೆಗೆದುಕೊಂಡಳು. "ಎಂಟು ತಿಂಗಳಿಂದ ನಾನು ಬೇರೆ ಯಾರದೋ ಮಗು ಅಳೋದನ್ನ ಕೇಳಿಸ್ಕೊಂಡಿದ್ದೀನಿ."